ಮಹಡಿಯ ಮೇಲೊಂದು ಪ್ರಿಂಟರ್

“ಅಕ್ಕಾ, ಇನ್ಮೇಲೆ ನೀನು ಮೆಟ್ಟಿಲು ಹತ್ತೋ ಹಾಗಿಲ್ಲ,” ಎಂದು ಹೊಸ ಟ್ಯಾಬ್ಲೆಟ್ಟನ್ನು ತಮ್ಮ ಅವಳ ಕೈಗಿಟ್ಟ. ಹೋಟೆಲಿನ ಮೇಜುಗಳೆಲ್ಲ ಕೆಳಗೆ, ಅಡುಗೆಮನೆ ಮಹಡಿಯ ಮೇಲೆ. ತಟ್ಟೆಗಳು ಇಳಿಯಲು ಪುಟ್ಟ ಲಿಫ್ಟ್ ಇತ್ತು. ಗಿರಾಕಿಗಳ ಆರ್ಡರು ಮೇಲೇರಲು ಮಾತ್ರ ಅವಳ ಕಾಲೇ ಬೇಕಿತ್ತು. ಅವಳು ಮೊಣಕಾಲು ಒತ್ತಿಕೊಳ್ಳುವುದನ್ನು ತಮ್ಮನಿಗೆ ನೋಡಲಾಗುತ್ತಿರಲಿಲ್ಲ.

ಆರ್ಡರಿನ ಚೀಟಿ ಅಚ್ಚಾಗುವ ಪ್ರಿಂಟರ್ ಜೋಡಿಸಲು ಬಂದವನು ಅದನ್ನು ಅಡುಗೆಮನೆಯಲ್ಲಿ ಹಬೆ ತಾಗದ ಕಡೆ ಇಟ್ಟು, ವೈರನ್ನು ರೂಟರಿಗೆ ಸಿಕ್ಕಿಸಿ, ಕೆಳಗಿಳಿದು ಟ್ಯಾಬ್ಲೆಟ್ಟಿನಲ್ಲಿ ಹುಡುಕಿದ. ಸಿಗಲಿಲ್ಲ.

“ಇದು ಪಕ್ಕದ ಅಂಗಡಿ ವೈಫೈ ಹಿಡ್ಕೊಂಡು ಕೂತಿದೆ,” ಎಂದ. “ಎರಡೂ ಒಂದೇ ನೆಟ್‌ವರ್ಕಲ್ಲಿರಬೇಕಮ್ಮ. ಇಲ್ಲಾಂದ್ರೆ ಎದುರುಬದುರು ಇಟ್ರೂ ಒಂದರ ಗುರುತು ಇನ್ನೊಂದಕ್ಕೆ ಸಿಗಲ್ಲ.”

ವೈಫೈ ಬದಲಿಸಿದ ಮೇಲೆ ಪರೀಕ್ಷೆಗೆಂದು ಅವಳಿಂದಲೇ ಒತ್ತಿಸಿದ. ಮೇಲೆ ಕರಕರ ಸದ್ದಾಯಿತು. ಅಡುಗೆಯವನು ಚೀಟಿ ಹಿಡಿದು ಮೆಟ್ಟಿಲ ತುದಿಗೆ ಬಂದು, “ಬಂತು,” ಎಂದ.

“ನೀವು ಬಂದು ಹೇಳೋದೇನೂ ಬೇಡ. ಇಲ್ಲಿ ಹಸಿರು ಗುರುತು ಬರುತ್ತೆ,” ಎಂದ ಪ್ರಿಂಟರಿನವನು.

ಅಡುಗೆಯವನು ತಲೆಯಾಡಿಸಿ ಒಳಗೆ ಹೋದ.

ವ್ಯಾಪಾರ ಸಲೀಸಾಯಿತು, ಮೊಣಕಾಲಿಗೂ ಹಿತವಾಯಿತು. ಹಿಂದೆ ಅವಳು ಏದುಸಿರು ಬಿಡುತ್ತ ಮೇಲೆ ತಲುಪಿದರೆ ಅಡುಗೆಯವನು ಒಂದು ಲೋಟ ಬಿಸಿನೀರು ಚಾಚುತ್ತಿದ್ದ. ಅವಳು ಯಾವುದಾದರೂ ಗಿರಾಕಿಯ ಅಣಕು ಮಾಡಿದರೆ ಬೆನ್ನು ತಿರುಗಿಸಿಯೇ ನಗುತ್ತಿದ್ದ. ಆ ಬೆನ್ನು ಅಲುಗುವುದು ಅವಳಿಗೆ ಕಾಣುತ್ತಿತ್ತು. ಒಮ್ಮೆ ಹಾಗೆ ನಕ್ಕು ಆಮ್ಲೆಟ್ ಸೀಯಿಸಿದ್ದ. ದಿನಕ್ಕೆ ಅಷ್ಟೇ. ಅಷ್ಟರಲ್ಲೇ ತನ್ನ ದಿನ ತುಂಬುತ್ತಿತ್ತೆಂದು ಅವಳಿಗೆ ಈಗ ತಿಳಿಯಿತು. ಮೀಸೆ ತುಂಬ ಸೂಪ್ ಮೆತ್ತಿಕೊಂಡು ಶುಚಿತ್ವದ ಬಗ್ಗೆ ಭಾಷಣ ಬಿಗಿದವನ ಸುದ್ದಿ ಹೇಳಲು ಟ್ಯಾಬ್ಲೆಟ್ಟಿನಲ್ಲಿ ಜಾಗವಿರಲಿಲ್ಲ. ‘ಉಪ್ಪು ಕಡಿಮೆ’, ‘ಖಾರ ಬೇಡ’ ಎಂಬ ಗುಂಡಿಗಳಷ್ಟೇ ಇದ್ದವು. ಆರ್ಡರು ಒತ್ತಿ, ಹಸಿರು ಗುರುತು ಬಂದ ಮೇಲೂ ಅವಳು ಸ್ವಲ್ಪ ಹೊತ್ತು ಮೆಟ್ಟಿಲ ಕಡೆ ನೋಡುತ್ತಿದ್ದಳು.

ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಟ್ಯಾಬ್ಲೆಟ್ಟನ್ನು ತಮ್ಮನ ಮುಂದಿಟ್ಟು ಅವಳು ಮೆಟ್ಟಿಲು ಹತ್ತಿದಳು. ಕೊನೆಯ ಮೆಟ್ಟಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು. ಒಲೆಯ ಮುಂದಿದ್ದವನು ತಿರುಗಿ ನೋಡಿದ.

“ಯಾಕೆ, ಪ್ರಿಂಟರ್ ಕೆಟ್ಟಿತಾ?”

“ಇಲ್ಲ, ಸರಿಯಾಗೇ ಇದೆ.”

“ಮತ್ತೆ?”

“ಸುಮ್ನೆ ಬಂದೆ.”

ಅವನು ಉರಿ ಸಣ್ಣದು ಮಾಡಿದ. ಒರೆಸಿದ ಸೌಟನ್ನೇ ಮತ್ತೆ ಒರೆಸಿದ. ಆಮೇಲೆ ಅವಳ ಮುಖ ನೋಡದೆ ಹೇಳಿದ:

“ಎರಡು ಸಲ ನಾನೇ ಅದರ ವೈರ್ ಕಿತ್ತಿದ್ದೆ. ಎರಡು ಸಲಾನೂ ನಿಮ್ಮ ತಮ್ಮನೇ ಬಂದ್ರು.”