ಬಚ್ಚಿಟ್ಟ ಶಾಲೆ

ಪ್ರತಿ ಬೆಳಗ್ಗೆ ಊರು ಚೂರುಚೂರಾಗಿಯೇ ಏಳುತ್ತಿತ್ತು. ಮಕ್ಕಳು ಹಾಸಿಗೆಯಲ್ಲೇ ಕೂತು ಫೋನಿನ ಆಟದಲ್ಲಿ ಅದರ ತುಣುಕುಗಳನ್ನು ಜೋಡಿಸಿದ ಮೇಲೆ ಬೀದಿ, ಬಾವಿ, ಬಸ್‌ಸ್ಟ್ಯಾಂಡು ತಮ್ಮ ತಮ್ಮ ಜಾಗಕ್ಕೆ ಬರುತ್ತಿದ್ದವು. ಕೊನೆಯ ತುಣುಕು ತಾನೇ ಇಡಬೇಕೆಂದು ಒಂದನ್ನು ಬಚ್ಚಿಡುವುದು ಎಲ್ಲ ಮಕ್ಕಳ ಚಾಳಿ.

ಗಣಿತ ಪರೀಕ್ಷೆಯ ದಿನ ಶಾಲೆಯೇ ಇರಲಿಲ್ಲ. ಖಾಲಿ ಬಯಲಿನಲ್ಲಿ ಸಣ್ಣಲಿಂಗಯ್ಯ ಮೇಷ್ಟ್ರು ಸೊಂಟಕ್ಕೆ ಕೈಯಿಟ್ಟು ನಿಂತರು.

“ಯಾರ್ರೋ ಬಚ್ಚಿಟ್ಟಿರೋದು?”

“ನಾವಲ್ಲ ಸಾರ್!” ಎಂದಿತು ಇಡೀ ಐದನೇ ಕ್ಲಾಸು.

“ಹೋಗ್ಲಿ ಬಿಡಿ. ಅಡುಗೆಮನೇನೂ ಅದ್ರಲ್ಲೇ ಇದೆ. ಇವತ್ತು ಪಾಯಸ ಇತ್ತು.”

ಮಕ್ಕಳ ನಡುವೆ ನಿಂತಿದ್ದ ಮಂಗಳಾಳ ಬೆರಳು ಬೆನ್ನ ಹಿಂದೆ ಫೋನಿನ ಮೇಲೆ ಸರಿದಿದ್ದನ್ನು ಅವರು ಕಂಡೂ ಕಾಣದಂತಿದ್ದರು. ಶಾಲೆ ಥಟ್ಟನೆ ಎದ್ದು ನಿಂತಿತು. ಹೆಡ್‌ಮೇಷ್ಟ್ರ ಕೋಣೆಯೊಂದು ಮಾತ್ರ ಇರಲಿಲ್ಲ.

ಅದು ಯಾರ ಹತ್ತಿರವಿದೆಯೆಂದು ಮೇಷ್ಟ್ರು ಕೇಳಲಿಲ್ಲ. ತಮ್ಮ ಫೋನನ್ನು ಮೆಲ್ಲಗೆ ಜೇಬಿಗಿಳಿಸಿ, “ನಡೀರಿ ಒಳಗೆ,” ಎಂದರು.