ಮಾಯವಾಗುತ್ತಿದ್ದ ಆಯಿಲ್

ಮೆಕ್ಯಾನಿಕ್ ಮೊಹ್ಸಿನ್ ನರೇಂದ್ರನ ಮನೆಯ ಶೆಡ್ಡಿನ ಬಾಗಿಲು ಮುಚ್ಚಿ, ಅವನ ಪಿಕಪ್ಪಿನ ಅಡಿಗೆ ನೀಲಿ ಟಾರ್ಚ್ ಹಿಡಿದ. ವಾರಕ್ಕೊಂದು ಲೀಟರ್ ಇಂಜಿನ್ ಆಯಿಲ್ ಮಾಯವಾಗುತ್ತಿತ್ತು. ಹೊಗೆಯಿಲ್ಲ, ನೆಲದ ಮೇಲೆ ಹನಿಯೂ ಇಲ್ಲ. ಸೋರುವ ಜಾಗ ಈ ಬೆಳಕಿಗೆ ಹಸಿರಾಗಿ ಹೊಳೆಯಲೆಂದು ಹೋದ ವಾರವೇ ಅವನು ಆಯಿಲ್‌ಗೆ ಬಣ್ಣ ಬೆರೆಸಿದ್ದ.

"ಎಲ್ಲೂ ಸೋರಿಲ್ಲಣ್ಣ. ಆಯಿಲ್ ಇಳಿಸೋ ಕೆಳಗಿನ ಬೋಲ್ಟ್ ಒಂದೇ ಹೊಳೀತೈತೆ. ಯಾರೋ ಬಿಚ್ಚವ್ರೆ."

ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆಗಳ ನಡುವೆ ಕೂತಿದ್ದ ನರೇಂದ್ರನ ತಾಯಿ ಮಂಗಮ್ಮ ಎದ್ದಳು. ಸದ್ದಾದತ್ತ ಟಾರ್ಚ್ ತಿರುಗಿತು. ಕತ್ತಲಲ್ಲಿ ಎರಡು ಕೈಗಳು ಮಾತ್ರ ಮೊಣಕೈವರೆಗೆ ಹಸಿರಾಗಿ ಹೊಳೆದವು.

"ಅಮ್ಮಾ, ನೀನಾ?" ಎಂದ ನರೇಂದ್ರ.

"ನಿಮ್ಮಣ್ಣ ಸತ್ತಿದ್ದು ಇದೇ ಗಾಡೀಲಿ. ದಿನಾ ನೀನು ಸ್ಟಾರ್ಟ್ ಮಾಡ್ದಾಗ ಅವನ ದನೀಲಿ ನಿನ್ನ ಕರೀತೈತೆ ಕಣಪ್ಪ. ಇಂಜಿನ್ ಸಾಯ್ಲಿ ಅಂತ ನಾನೇ ಬಿಚ್ದೆ."

ನರೇಂದ್ರ ಗಾಡಿಯ ಕೀಯನ್ನು ಆ ಹೊಳೆಯುವ ಅಂಗೈಯಲ್ಲಿಟ್ಟ.

"ನಂಗೂ ಕೇಳಿಸ್ತೈತಮ್ಮ," ಎಂದ.