ಅರ್ಧ ಲೋಟ ಕಷಾಯ

ಕಾಂತೇಶನ ಅಂಗಿಯ ತೋಳಿನಲ್ಲಿ ಎಣ್ಣೆಯ ಕಲೆ. ಹೆಂಡತಿ ಮಲ್ಲೇಶ್ವರಿ ಅದನ್ನು ಮೂಗಿಗೆ ಹಿಡಿದಳು. ಮಿರ್ಚಿ ಭಜಿ.

"ಮತ್ತ ಯೂನುಸನ ಗಾಡಿ ಮುಂದ ನಿಂತಿದ್ರಿ?"

"ನಿಂತಿದ್ದೆ. ಬರೇ ವಾಸನಿ ತಗೊಂಡೆ."

"ವಾಸನಿಗೂ ಎಣ್ಣಿ ಹತ್ತತೈತೇನ್ರಿ?"



ಸುರಪುರದ ಆರೋಗ್ಯ ಶಿಬಿರದಲ್ಲಿ ಇಬ್ಬರೂ ರಕ್ತ ಕೊಟ್ಟಿದ್ದರು. ಫಲಿತಾಂಶ ಕೇಳಲು ಕಾಂತೇಶ ಒಬ್ಬನೇ ಹೋಗಿದ್ದ. ಮುಖ ಬಾಡಿಸಿಕೊಂಡು ಬಂದ. "ನಂದು ಕೊಲೆಸ್ಟ್ರಾಲ್ ಬಾಳ ಏರೇತಿ. ನಿಂದು ಬರೋಬರಿ ಅದ" ಎಂದ.

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಹೋದ ವರ್ಷ ಅವಳ ಒಡಹುಟ್ಟಿದ ಅಣ್ಣ ಪಂಪಣ್ಣ ಎದೆ ಹಿಡಿದುಕೊಂಡು ಹೊಲದಲ್ಲೇ ಬಿದ್ದಿದ್ದ. ಕೊಲೆಸ್ಟ್ರಾಲಿಗೆಂದು ನುಂಗುತ್ತಿದ್ದ ಗುಳಿಗೆಯೇ ಅವನನ್ನು ಕೊಂದಿತೆಂದು ಅವಳು ನಂಬಿದ್ದಳು. ಯಾವ ಡಾಕ್ಟರೂ ಆ ನಂಬಿಕೆಯನ್ನು ಅಲುಗಿಸಿರಲಿಲ್ಲ. ಹಾಗಾಗಿ ಕಾಂತೇಶ ಕೊಡೇಕಲ್ಲಿನ ವೈದ್ಯ ಚನ್ನಯ್ಯನವರ ಬಳಿ ಹೋಗಿ ಕಷಾಯಕ್ಕೆ ಮತ್ತಿ ಮರದ ತೊಗಟೆ ತಂದ.

ಮನೆಯಿಂದ ಡಾಲ್ಡಾ ಹೊರಬಿತ್ತು. ನೆನೆಸಿದ ಮೆಂತ್ಯ, ಹಸಿ ಬೆಳ್ಳುಳ್ಳಿ, ಎಣ್ಣೆಯಿಲ್ಲದ ಪುಂಡಿ ಪಲ್ಯ ಒಳಬಂದವು. ತನ್ನ ಜ್ವರಕ್ಕೆ ಒಂದು ಗುಟುಕು ಔಷಧ ಕುಡಿಯದವಳು ಗಂಡನಿಗಾಗಿ ಬೆಳಕು ಹರಿಯುವ ಮುನ್ನ ಒಲೆ ಹಚ್ಚಿ ಕಷಾಯ ಕುದಿಸುತ್ತಿದ್ದಳು.

ಅವನು ಪ್ರತಿದಿನ ಅರ್ಧ ಲೋಟ ಬಿಡುತ್ತಿದ್ದ. ಗಂಡ ಉಂಡ ತಟ್ಟೆಯಲ್ಲೇ ಉಣ್ಣುವುದು, ಅವನು ಬಿಟ್ಟದ್ದನ್ನು ಚೆಲ್ಲದೆ ತೀರಿಸುವುದು ತಾಯಿ ತಿಮ್ಮವ್ವ ಅವಳಿಗೆ ಕಲಿಸಿದ ರೂಢಿ. ಬೈಯುತ್ತಲೇ ಲೋಟ ಬರಿದು ಮಾಡುತ್ತಿದ್ದಳು.

ನಡಿಗೆಗೂ ಕಾವಲು ಬೇಕಾಯಿತು. ಒಬ್ಬನೇ ಬಿಟ್ಟರೆ ಯೂನುಸನ ಗಾಡಿಯತ್ತ ತಿರುಗುವ ಮನುಷ್ಯ. ಬೆಳಿಗ್ಗೆ ಅವಳೂ ಅವನ ಹಿಂದೆ ಗುಡ್ಡ ಹತ್ತಿದಳು. ಮೊದಮೊದಲು ಅವಳಿಗೆ ಏದುಸಿರು ಬಂದಾಗಲೆಲ್ಲ ಅವನ ಚಪ್ಪಲಿಯಲ್ಲಿ ಹರಳು ಸಿಕ್ಕಿಕೊಳ್ಳುತ್ತಿತ್ತು. ತೆಗೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಈಚೆಗೆ ಹರಳು ಸಿಕ್ಕಿಕೊಳ್ಳುವುದಿಲ್ಲ.

ಅಂಗಿಯ ಕಲೆ ಕಂಡ ದಿನವೇ ಅವಳು ಅವನನ್ನು ಬಸ್ಸು ಹತ್ತಿಸಿ ಕೊಡೇಕಲ್ಲಿಗೆ ಕರೆದೊಯ್ದಳು.

"ಮುತ್ಯಾ, ಇವರಿಗಿ ಜೀವದ ಮ್ಯಾಲ ಆಸಿ ಇಲ್ರಿ. ಕದ್ದು ಭಜಿ ತಿಂತಾರ. ಕಷಾಯ ಅರ್ಧ ಬಿಡ್ತಾರ, ಅದನ್ನ ನಾ ಕುಡದು ಸಾಯಬೇಕು. ನಮ್ಮಣ್ಣನಂಗ ಇವರೂ ಹೋದ್ರ ನಾ ಏನ್ ಮಾಡ್ಲಿ?"

ಚನ್ನಯ್ಯ ಕಾಂತೇಶನನ್ನು ನೋಡಿದರು. ಕಾಂತೇಶ ನೆಲ ನೋಡಿದ. ಬಳಿಕ, ನಾಡಿ ನೋಡಲೆಂಬಂತೆ, ಮೆಲ್ಲಗೆ ಕೈ ಚಾಚಿದ.

ಮುದುಕ ಆ ಕೈಯನ್ನು ಬದಿಗೆ ಸರಿಸಿ ಮಲ್ಲೇಶ್ವರಿಯ ಮಣಿಕಟ್ಟಿಗೆ ಬೆರಳಿಟ್ಟರು. ಕಣ್ಣು ಮುಚ್ಚಿದರು. ಒಳಮನೆಯಲ್ಲಿ ಯಾರೋ ತೊಗಟೆ ಕುಟ್ಟುತ್ತಿದ್ದರು.

"ಅವ ಅರ್ಧ ಬಿಡೋದನ್ನ ತಪ್ಪಿಸಬ್ಯಾಡ, ತಂಗಿ," ಎಂದರು. "ಶಿಬಿರದಾಗ ಕೆಟ್ಟು ಬಂದಿದ್ದು ನಿನ್ನ ರಕ್ತ."